ಲಿಯೋನಾಳ ಪುಸ್ತಕದ ಉಲ್ಟಾ ಕೆ

ಲಿಯೋನಾ ವಾಷಾಕ್ ಮಿಲ್ವಾಕೀಯ ದಕ್ಷಿಣ ಬಡಾವಣೆಯಲ್ಲಿ ಇಪ್ಪತ್ತೇಳು ವರ್ಷ ಸಿಟಿ ಬಸ್ ಓಡಿಸಿದವಳು. ಅದಕ್ಕಿಂತ ಹೆಚ್ಚು ವರ್ಷ ಬೇಸ್‌ಬಾಲ್ ಬರೆದವಳು. ಬರೆದದ್ದು ಯಾವ ಪತ್ರಿಕೆಗೂ ಅಲ್ಲ. ರೇಡಿಯೋ ಪಕ್ಕ ಕೂತು, ಚೌಕಗಳಿರುವ ಉದ್ದನೆಯ ಪುಸ್ತಕದಲ್ಲಿ, ಬ್ಯಾಟ್ ಹಿಡಿದು ಬಂದ ಒಬ್ಬೊಬ್ಬನಿಗೂ ಏನಾಯಿತೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಊರಿಗೆ ತಂಡ ಬಂದ 1970ರಲ್ಲಿ ಮೊದಲ ಪುಸ್ತಕ ತೆರೆದಳು. ನಾನು ಹೇಳುತ್ತಿರುವ 2002ರ ಚಳಿಗಾಲದ ಕೊನೆಗೆ ಅವಳು ಮೂವತ್ತಮೂರನೆಯ ಪುಸ್ತಕಕ್ಕೆ ರಟ್ಟು ಹೊದಿಸುತ್ತಿದ್ದಳು.

ಅವಳಿಗಿದ್ದ ನಿಯಮ ಒಂದೇ. ತನ್ನ ಕಿವಿಗೆ ಬೀಳದ್ದನ್ನು ಬರೆಯಬಾರದು. ಸಂಜೆಯ ಆಟ ತಪ್ಪಬಾರದೆಂದು ಇಪ್ಪತ್ತೇಳು ವರ್ಷವೂ ಬೆಳಗಿನ ಪಾಳಿಯನ್ನೇ ಕೇಳಿ ಪಡೆದು, ಕತ್ತಲಿರುವಾಗಲೇ ಎದ್ದು, ಹಿಮ ಕೆರೆದು ಬಸ್ ತೆಗೆದಳು. ಹಗಲು ಆಟವಿದ್ದ ದಿನ ಗಂಡ ಸ್ಟ್ಯಾಷ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಿಡಿದಿಡುತ್ತಿದ್ದ. ಅವಳು ಮನೆ ಸೇರುವವರೆಗೂ ಅಕ್ಕಪಕ್ಕದ ಯಾರೂ ಫಲಿತಾಂಶ ಬಾಯಿಬಿಡುವಂತಿರಲಿಲ್ಲ. ಒಮ್ಮೆ ಅಂಚೆಯವನು ಬಾಯಿಬಿಟ್ಟು, ಮೂರು ವಾರ ಅವಳ ಕೆಂಗಣ್ಣಿಗೆ ಗುರಿಯಾಗಿದ್ದ. ಹಾಗಾಗಿ ಅಷ್ಟೂ ಪುಸ್ತಕಗಳಲ್ಲಿ ಆಡಿದ ಆಟದ ಒಂದು ಚೌಕವೂ ಖಾಲಿ ಇರಲಿಲ್ಲ. ಇದನ್ನು ಅವಳು ಹೇಳಿಕೊಳ್ಳುತ್ತಿದ್ದಳು, ಸಂಕೋಚವಿಲ್ಲದೆ, ಕೇಳದವರಿಗೂ.

ಆ ವರ್ಷ, ಈಸ್ಟರಿಗೆ ಮುಂಚೆ ಶುಕ್ರವಾರಗಳಂದು ಮಾಂಸ ಬಿಡುವ ತಪಸ್ಸುಕಾಲವೂ ಬೇಸ್‌ಬಾಲಿನ ಪೂರ್ವಭಾವಿ ಆಟಗಳೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಬೂದಿ ಬುಧವಾರ ಕಳೆದ ಮೊದಲ ಶುಕ್ರವಾರ, ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮೀನೂಟದ ತಯಾರಿ ನಡೆದಿತ್ತು. ಸ್ಟ್ಯಾಷ್ ಎಣ್ಣೆ ಬಾಣಲೆಗಳ ಮುಂದೆ. ಲಿಯೋನಾ ಪರ್ಚ್ ಮೀನಿಗೆ ಹಿಟ್ಟು ಹೊರಳಿಸುತ್ತಿದ್ದಳು. ಅವಳ ಗೆಳತಿ ಗೆರ್ಟ್ ಎಲೆಕೋಸು ಹೆಚ್ಚುತ್ತಿದ್ದಳು. ಟ್ರೇ ತೊಳೆಯುವವನು ಮೈದುನ ನಾರ್ಬ್, ಸ್ಟ್ಯಾಷ್‌ನ ತಮ್ಮ. ದಕ್ಷಿಣಕ್ಕೆ ಒಂದೂವರೆ ಗಂಟೆ ದೂರದ ಶಿಕಾಗೋದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ನಿವೃತ್ತನಾಗಿ ಊರಿಗೆ ಮರಳುವಾಗ ತಲೆಯ ಮೇಲೆ ಶಿಕಾಗೋ ತಂಡದ ಟೊಪ್ಪಿ ಇಟ್ಟುಕೊಂಡೇ ಬಂದಿದ್ದ. ಕುಟುಂಬದಲ್ಲಿ ಕುಡುಕನೊಬ್ಬನಿದ್ದರೂ ಇಷ್ಟು ಮಾತು ಹುಟ್ಟುತ್ತಿರಲಿಲ್ಲ.

ಅಂದು ನಾರ್ಬ್ ಸಿಳ್ಳೆ ಹಾಕುತ್ತಾ ಬಂದ. ಕಾರಣ ಎಲ್ಲರಿಗೂ ಗೊತ್ತಿತ್ತು. ಮಿಲ್ವಾಕೀಯವರು ಹುಡುಗನಾಗಿದ್ದಾಗಿನಿಂದ ತಿದ್ದಿ ಬೆಳೆಸಿದ ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ವೇಡ್ ರೆಡಿಕ್, ಒಪ್ಪಂದ ಮುಗಿಯುತ್ತಲೇ ಯಾವ ತಂಡಕ್ಕೂ ಕಟ್ಟುಬೀಳದ ಫ್ರೀ ಏಜೆಂಟ್ ಆಗಿ ಹೊರಬಿದ್ದು, ಶಿಕಾಗೋಗೆ ಏಳು ವರ್ಷಕ್ಕೆ ಸಹಿ ಹಾಕಿದ್ದ.

"ಏನತ್ತಿಗೆ, ಮನೇಲಿ ಸೂತಕಾನಾ?" ಎಂದ ನಾರ್ಬ್, ಏಪ್ರನ್ ಕಟ್ಟಿಕೊಳ್ಳುತ್ತಾ. "ನಿಮ್ಮ ಹುಡುಗ ನಮ್ಮ ಮನೆ ಅಳಿಯ ಆಗ್ಬಿಟ್ಟ."

"ಸಾಕಿದ್ದು ನಾವು, ಉಣ್ಣೋದು ಅವರು," ಎಂದು ಗೆರ್ಟ್ ಎಲೆಕೋಸಿನ ಮೇಲೆ ಸಿಟ್ಟು ತೀರಿಸಿಕೊಂಡಳು. "ಪ್ರತಿ ಚಳಿಗಾಲಾನೂ ಇದೇ ಗೋಳು. ಅದಕ್ಕೆ ಬದಲಾಗಿ ನಮ್ಮೋರು ಯಾರನ್ನ ತಂದ್ರು ಹೇಳು? ಬಾರಗಾನ್‌ನ ಇನ್ನೊಂದು ವರ್ಷ ಇಟ್ಕೊಂಡ್ರಂತೆ! ಮೂವತ್ತೇಳು ವರ್ಷದ ಕ್ಯಾಚರ್!"

"ಬ್ಯಾಟ್ ಹಿಡಿದೋನ ಹಿಂದೆ ಚೆಂಡು ಹಿಡಿಯೋಕೆ ಅವನು ಕುಕ್ಕರಗಾಲಲ್ಲಿ ಕೂತ್ರೆ ಎಬ್ಬಿಸೋಕೆ ಕ್ರೇನ್ ಕರೆಸ್ಬೇಕು," ಎಂದ ನಾರ್ಬ್. "ಬರೆದಿಟ್ಕೊಳ್ಳಿ, ಈ ವರ್ಷ ನೀವು ಕೊನೇ ಸ್ಥಾನ. ರೆಡಿಕ್ ಒಬ್ಬನೇ ನಮಗೆ ಇಪ್ಪತ್ತು ಆಟ ಗೆದ್ದುಕೊಡ್ತಾನೆ."

ಸ್ಟ್ಯಾಷ್ ಎಣ್ಣೆಯಿಂದ ತಲೆ ಎತ್ತದೆ, "ಅವನು ಹೇಳೋದ್ರಲ್ಲೂ ನಿಜ ಇದೆ ಕಣೇ," ಎಂದ.

ಲಿಯೋನಾಳಿಗೆ ರೇಗಿತು. ಹಿಟ್ಟಿನ ಕೈ ಒರೆಸಿಕೊಂಡು, ಚೀಲದಿಂದ ಹಿಂದಿನ ವರ್ಷದ ಪುಸ್ತಕ ತೆಗೆದು ಎಲೆಕೋಸಿನ ಪಕ್ಕದಲ್ಲೇ ಬಿಡಿಸಿದಳು. "ನಿಜಾನಾ? ನಿಜ ಇಲ್ಲಿದೆ. ಬನ್ನಿ ಎಲ್ಲ."

ಬೇಸ್‌ಬಾಲ್ ಬರೆಯುವವರು ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯಬೇಕಿದ್ದ ಮೂರು ಚೆಂಡು ಕಳೆದುಕೊಂಡು, ಔಟಾದವನ ಚೌಕದಲ್ಲಿ 'K' ಅಕ್ಷರ ಹಾಕುತ್ತಾರೆ. ಬ್ಯಾಟ್ ಬೀಸಿಯೂ ಚೆಂಡಿಗೆ ತಗುಲದಿದ್ದರೆ ನೇರ ಕೆ. ಬೀಸದೆ ಕಂಬದ ಹಾಗೆ ನಿಂತು ನೋಡುತ್ತಿದ್ದವನಿಗೆ ಅಂಪೈರ್ ಔಟ್ ಕೊಟ್ಟರೆ ಅದೇ ಅಕ್ಷರ ಹಿಂದುಮುಂದಾಗುತ್ತದೆ, ಉಲ್ಟಾ ಕೆ. ಪತ್ರಿಕೆಯವರು ಒಟ್ಟು ಎಷ್ಟೆಂದು ಹಾಕಿ ಕೈತೊಳೆದುಕೊಳ್ಳುತ್ತಾರೆ. ಯಾವುದು ನೇರ, ಯಾವುದು ಉಲ್ಟಾ ಎಂಬುದು ಲಿಯೋನಾಳಂಥ ಹಟಮಾರಿಗಳ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

"ಹೋದ ವರ್ಷ ರೆಡಿಕ್ ನೂರ ಎಪ್ಪತ್ತೊಂದು ಜನರನ್ನ ಹೀಗೆ ಔಟ್ ಮಾಡ್ದ," ಎಂದಳು. "ಅದ್ರಲ್ಲಿ ಅರವತ್ತು ಉಲ್ಟಾ. ಬಾರಗಾನ್ ಕ್ಯಾಚರ್ ಆಗಿದ್ದಾಗ ಐವತ್ತೆಂಟು. ಬಾರಗಾನ್ ಮಂಡಿ ಹಿಡ್ಕೊಂಡು ಮನೇಲಿ ಕೂತ ಒಂಬತ್ತು ಆಟದಲ್ಲಿ ಎಷ್ಟು? ಬರೀ ಎರಡು. ಗೆರೆ ಅಂಚಿಗೆ ಬಂದ ಚೆಂಡನ್ನ ಆ ಮುದುಕ ಕೈ ಅಲುಗಿಸದೆ ಹಿಡಿದು ಅಂಪೈರ್‌ಗೆ ತೋರಿಸ್ತಾನೆ, ಚಿನ್ನದಂಗಡಿಯವನು ಸರ ತೋರಿಸಿದ ಹಾಗೆ. ನಿಮ್ಮ ಶಿಕಾಗೋ ಪಿಚರ್‌ನ ಹೊತ್ಕೊಂಡು ಹೋಯ್ತು ನಾರ್ಬ್. ಆ ಕೈಗವಸು ಇಲ್ಲೇ ಇದೆ."

ನಾರ್ಬ್ ಚೌಕಗಳ ಮೇಲೆ ಬೆರಳಾಡಿಸಿದ. ಪುಟ ತಿರುವಿ ನೋಡಿದ. ಆಮೇಲೆ ನಕ್ಕ. "ಅತ್ತಿಗೆ, ಪೆನ್ಸಿಲ್ ಗುರುತು ಎಣಿಸಿ ಆಟಗಾರನ್ನ ತೂಗೋರು ಇಡೀ ಅಮೆರಿಕದಲ್ಲಿ ನೀವೊಬ್ಬರೇ."

"ಹಾಗಾದ್ರೆ ಪಂದ್ಯ ಕಟ್ಟು. ಮುಂದಿನ ತಿಂಗಳು ಅರಿಝೋನಾದಲ್ಲಿ ನಮಗೂ ನಿಮಗೂ ಪೂರ್ವಭಾವಿ ಆಟ ಇದೆ, ಶುಕ್ರವಾರಾನೇ. ರೆಡಿಕ್ ಬಾರಗಾನ್ ಇಲ್ಲದೆ ಮೂರು ಇನ್ನಿಂಗ್ಸ್ ಎಸೀತಾನೆ. ಒಂದಕ್ಕಿಂತ ಹೆಚ್ಚು ಉಲ್ಟಾ ಕೆ ಬಂದ್ರೆ, ಶುಭ ಶುಕ್ರವಾರದ ದಿನ ಊಟ ಬಡಿಸೋ ಕಿಟಕೀಲಿ ನಿನ್ನ ಟೊಪ್ಪಿ ಹಾಕ್ಕೊಂಡು ನಿಲ್ತೀನಿ. ಬರ್ಲಿಲ್ಲಾಂದ್ರೆ ನನ್ನದು ನೀನು ಹಾಕ್ಕೋ."

ಶುಭ ಶುಕ್ರವಾರದಂದು ಆ ಕಿಟಕಿಯ ಮುಂದೆ ಆ ಚರ್ಚಿಗೆ ಸೇರಿದ ಇಡೀ ಪ್ಯಾರಿಷ್ ಸಾಲು ನಿಲ್ಲುತ್ತದೆ. ಅವಳ ಬಸ್ಸಿನಲ್ಲಿ ಶಾಲೆಗೆ ಹೋದವರು ಈಗ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅವರೆಲ್ಲರ ಎದುರು ಲಿಯೋನಾ ವಾಷಾಕ್ ಶಿಕಾಗೋ ಟೊಪ್ಪಿಯಲ್ಲಿ! ಗೆರ್ಟ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಆದರೆ ಲಿಯೋನಾಳಿಗೆ ಟೊಪ್ಪಿಯ ಭಯವಿರಲಿಲ್ಲ. ತನ್ನ ಪುಸ್ತಕವನ್ನು ಜನ ಮುದುಕಿಯ ಹುಚ್ಚು ಎಂದು ಬದಿಗೆ ಸರಿಸಿಬಿಟ್ಟರೆ ಎಂಬುದೇ ಅವಳ ಭಯವಾಗಿತ್ತು.

ಮಾರ್ಚ್ ತಿಂಗಳ ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಹೊರಗೆ ಹಿಮ ಕರಗಿ ರಾಡಿ. ಅಲ್ಲಿ ಅರಿಝೋನಾದಲ್ಲಿ ಬಿಸಿಲಂತೆ, ಜನ ತೋಳಿಲ್ಲದ ಅಂಗಿಯಲ್ಲಿ ಕೂತಿದ್ದಾರಂತೆ. ವೀಕ್ಷಕವಿವರಣೆಗಾರ ಹಾಗೆಂದಾಗ ಗೆರ್ಟ್ ಅವನಿಗೆ ಶಾಪ ಹಾಕಿದಳು. ಲಿಯೋನಾ ಹಿಟ್ಟಿನ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ, ಸ್ಟೂಲಿನ ಮೇಲೆ ಪುಸ್ತಕ ತೊಡೆಗಿಟ್ಟುಕೊಂಡು ಕೂತಳು.

ಮೊದಲ ಇನ್ನಿಂಗ್ಸಿನಲ್ಲಿ ಒಬ್ಬ ಬೀಸಿ ಔಟಾದ. ನೇರ ಕೆ. ಎರಡನೆಯದರಲ್ಲಿ ಒಬ್ಬ ನಿಂತು ನೋಡುತ್ತಲೇ ಔಟಾದ. ಉಲ್ಟಾ. ನಾರ್ಬ್ ಟ್ರೇ ಬಡಿದು ಕುಣಿದ. ಮತ್ತೊಬ್ಬ ಬೀಸಿದ, ನೇರ. ಮೂರನೆಯ ಇನ್ನಿಂಗ್ಸಿನಲ್ಲಿ ಇಬ್ಬರು ಔಟಾದ ಮೇಲೆ ಬ್ಯಾಟ್ ಹಿಡಿದು ಬಂದವನು ಯಾರು? ಬಾರಗಾನ್! ಇಷ್ಟು ವರ್ಷ ರೆಡಿಕ್‌ನ ಚೆಂಡು ಹಿಡಿದವನು ಈಗ ಅವನೆದುರು ನಿಂತಿದ್ದ.

"ಎರಡು ಬಾಲ್, ಎರಡು ಸ್ಟ್ರೈಕ್, ಇನ್ನೊಂದು ಸ್ಟ್ರೈಕ್ ಬಿದ್ದರೆ ಔಟ್," ಎಂದಿತು ರೇಡಿಯೋ. "ರೆಡಿಕ್ ತಲೆಯಾಡಿಸಿದ... ಕೈ ಎತ್ತಿದ... ಇದೋ ಬಂತು ಚೆಂಡು..."

ಆ ಘಳಿಗೆಗೇ ಸ್ಟ್ಯಾಷ್ ಒದ್ದೆ ಮೀನಿನ ಬುಟ್ಟಿಯನ್ನು ಕಾದ ಎಣ್ಣೆಗೆ ಇಳಿಸಿದ. ಚರ್ರ್ ಎಂಬ ಸದ್ದು ಅಡುಗೆಮನೆಯನ್ನೇ ನುಂಗಿತು. ಸದ್ದು ಇಳಿಯುವಷ್ಟರಲ್ಲಿ ರೇಡಿಯೋದಲ್ಲಿ ಸಾಸೇಜ್ ಜಾಹೀರಾತು ಹಾಡುತ್ತಿತ್ತು.

"ಸ್ಟ್ಯಾಷ್!" ಎಂದು ಲಿಯೋನಾ ಕೂಗಿದ ಕೂಗಿಗೆ ಮೇಲೆ ಚರ್ಚಿನಲ್ಲಿದ್ದ ಫಾದರ್ ಮೆಟ್ಟಿಲಿಳಿದು ಬಂದು ಇಣುಕಿ ಹೋದರು. "ಆ ಮೀನು ಸತ್ತು ಎರಡು ದಿನ ಆಯ್ತು, ಇನ್ನೊಂದು ನಿಮಿಷ ಕಾಯ್ತಿರ್ಲಿಲ್ವಾ!"

ಜಾಹೀರಾತು ಮುಗಿದ ಮೇಲೆ ವಿವರಣೆಗಾರ, ರೆಡಿಕ್‌ನ ಕೆಲಸ ಮುಗಿಯಿತು, ಮೂರು ಇನ್ನಿಂಗ್ಸ್, ನಾಲ್ಕು ಸ್ಟ್ರೈಕ್‌ಔಟ್ ಎಂದಷ್ಟೇ ಹೇಳಿದ. ಪುಸ್ತಕದಲ್ಲಿದ್ದದ್ದು ಮೂರು, ಹಾಗಾಗಿ ಬಾರಗಾನ್ ಔಟಾದದ್ದು ಖಂಡಿತ. ಬೀಸಿ ಔಟಾದನೋ, ನಿಂತು ಔಟಾದನೋ? ನಿಂತಿದ್ದರೆ ಅದು ಎರಡನೆಯ ಉಲ್ಟಾ, ಪಂದ್ಯ ನಾರ್ಬ್‌ನದು. ಮನೆಯಲ್ಲಿ ಕ್ಯಾಸೆಟ್ ಹಾಕುವವನು ಇಲ್ಲಿ ಮೀನು ಕರಿಯುತ್ತಿದ್ದ. ಲಿಯೋನಾಳ ಪೆನ್ಸಿಲ್ ಚೌಕದ ಮೇಲೆ ನಿಂತುಹೋಯಿತು.

ರೇಡಿಯೋ ಪಕ್ಕದಲ್ಲೇ ನಿಂತಿದ್ದವನು ನಾರ್ಬ್. ಅವನು ಟ್ರೇ ಒರೆಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ: "ಬೀಸಿದ. ನನಗೆ ಕೇಳಿಸ್ತು. ಬೀಸಿದ್ದು ಚೆಂಡಿಗೆ ತಾಗ್ಲಿಲ್ಲ."

ಗೆರ್ಟ್ ಎಲೆಕೋಸು ಎರಚಿ ಕೇಕೆ ಹಾಕಿದಳು. ತಾನೇ ಸೋಲುವ ಸಾಕ್ಷಿ ನುಡಿದವನನ್ನು ಯಾರು ಅನುಮಾನಿಸುತ್ತಾರೆ? ಲಿಯೋನಾ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಬೇರೊಬ್ಬರ ಕಿವಿಯನ್ನು ನಂಬಿ, ಜೀವನದಲ್ಲಿ ಮೊದಲ ಸಲ, ನೇರ ಕೆ ಬರೆದಳು. ಪಕ್ಕದಲ್ಲಿ ಪುಟ್ಟದಾಗಿ ನಾರ್ಬ್ ಎಂದು ಹೆಸರು ಹಾಕಿದಳು.

ಶುಭ ಶುಕ್ರವಾರ ಬಂತು. ಸಾಲು ಮೆಟ್ಟಿಲು ಹತ್ತಿ ರಸ್ತೆಯವರೆಗೂ ಬೆಳೆದಿತ್ತು. ನಾರ್ಬ್ ಊಟಕ್ಕೆ ಕೂದಲು ಬೀಳದ ಹಾಗೆ ತಲೆಗೆ ಬಲೆ ಹಾಕಿ, ಅದರ ಮೇಲೆ ಮಿಲ್ವಾಕೀ ಟೊಪ್ಪಿ ಇಟ್ಟುಕೊಂಡು ಕಿಟಕಿಯಲ್ಲಿ ನಿಂತ. ಬಂದವರೆಲ್ಲ ಕಾಲೆಳೆದರು. "ಕೊನೆಗೂ ಬ್ಯಾಪ್ಟಿಸಂ ಆಯ್ತಾ ನಾರ್ಬ್?" ಎಂದರು. ಅವನು ನಗುನಗುತ್ತಾ ಆಲೂಗಡ್ಡೆ ದೋಸೆ ಹಾಕಿಕೊಟ್ಟ.

ಆ ನಗುವೇ ಲಿಯೋನಾಳನ್ನು ಚುಚ್ಚಿತು. ಇಸ್ಪೀಟಿನಲ್ಲಿ ಸೋತರೂ ವಾರಗಟ್ಟಲೆ ಮುಖ ಊದಿಸಿಕೊಳ್ಳುವ ಆಸಾಮಿ ಇವನು. ಅವಳು ಅವನ ತೋಳು ಹಿಡಿದು ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಎಳೆದಳು.

"ನಾರ್ಬ್, ಅವತ್ತು ನಿನಗೆ ಕೇಳಿಸ್ತಾ?"

ಅವನು ಟೊಪ್ಪಿ ಸರಿಮಾಡಿಕೊಂಡ. "ಇಲ್ಲ ಅತ್ತಿಗೆ."

"ಕರುಣೆ ತೋರಿಸಿದ್ಯಾ ನನಗೆ? ಮುದುಕಿ ಅಂತ?"

"ಕರುಣೆ ಅಲ್ಲ, ನನ್ನಾಣೆ. ಆ ಐವತ್ತೆಂಟು ಚೌಕ ನೋಡಿದಾಗಿನಿಂದ ನಿದ್ದೆ ಬಂದಿಲ್ಲ. ನೀವು ಹೇಳಿದ್ದು ಸರಿ. ರೇಡಿಯೋದಲ್ಲಿ ಮಾತಾಡೋ ಯಾರೂ ಇದನ್ನ ಹೇಳಿಲ್ಲ. ಒಂದು ಸುಡುಗಾಡು ಮೀನಿನ ಬುಟ್ಟಿಯಿಂದ ನೀವು ಸೋಲಬಾರದು ಅನ್ನಿಸ್ತು, ಅಷ್ಟೇ."

ಕಟ್ಟಾ ಶಿಕಾಗೋ ಮನುಷ್ಯನೊಬ್ಬ ಲಿಯೋನಾಳ ಪುಸ್ತಕವನ್ನು ನಂಬಿದ್ದ. ಅವಳಿಗೆ ಬೇಕಾಗಿದ್ದದ್ದು ಅದೇ, ಮತ್ತು ಅದು ಸಿಕ್ಕಿತ್ತು. ಆದರೂ ಚೀಲದಿಂದ ಪುಸ್ತಕ ತೆಗೆದಳು. ಆ ಪುಟಕ್ಕೆ ಬಂದಳು. ರಬ್ಬರಿನಿಂದ ಕೆ ಅಳಿಸಿದಳು, ನಾರ್ಬ್ ಎಂಬ ಹೆಸರನ್ನೂ ಅಳಿಸಿದಳು, ಪುಡಿಯನ್ನು ಊದಿದಳು. ಮೂವತ್ತಮೂರು ಪುಸ್ತಕಗಳಲ್ಲಿ ಮೊದಲ ಖಾಲಿ ಚೌಕ. ಅದನ್ನು ನೋಡಿ ಅವಳಿಗೆ ಬೇಸರವಾಗಲಿಲ್ಲ. ಉಳಿದೆಲ್ಲ ಚೌಕಗಳ ಮರ್ಯಾದೆ ಉಳಿಸಿದ್ದು ಅದೇ ಎನಿಸಿತು.

"ನಿನ್ನ ಟೊಪ್ಪಿ ಕೊಡು," ಎಂದಳು.

"ಅತ್ತಿಗೆ, ನೀವು ಸೋತಿಲ್ಲ..."

"ನಿಜ ಪುಸ್ತಕದಲ್ಲಿದೆ ಅಂದಿದ್ದೆ. ತೋರಿಸೋಕೆ ಆಗ್ತಿಲ್ಲ. ಕೊಡು ಅಂದ್ರೆ ಕೊಡು."

ನಾರ್ಬ್ ಹಿಂದಿನ ಜೇಬಿನಿಂದ ಮಡಚಿದ ಶಿಕಾಗೋ ಟೊಪ್ಪಿ ತೆಗೆದ. ಅವಳು ಅದನ್ನು ತಲೆಯ ಬಲೆಯ ಮೇಲೆ ನೇರವಾಗಿ ಇಟ್ಟುಕೊಂಡು, ಅವನನ್ನು ಪಕ್ಕಕ್ಕೆ ಸರಿಸಿ, ಕಿಟಕಿಯಲ್ಲಿ ನಿಂತಳು. ನಾರ್ಬ್ ಮಿಲ್ವಾಕೀ ಟೊಪ್ಪಿ ತೆಗೆಯದೆ ಅವಳ ಹೆಗಲಿಗೆ ಹೆಗಲು ಕೊಟ್ಟು ನಿಂತ. ಒಳಗೆ ಸ್ಟ್ಯಾಷ್ ಬುಟ್ಟಿ ಹಿಡಿದುಕೊಂಡೇ ಬಾಯಿಬಿಟ್ಟು ನೋಡುತ್ತಿದ್ದ. ಸಾಲಿನ ಮುಂದಿದ್ದವನು ಅವಳ ಬಸ್ಸಿನಲ್ಲಿ ಎಂಟು ವರ್ಷ ಶಾಲೆಗೆ ಹೋದವನು, ಈಗ ತಲೆ ಬೋಳಾಗಿತ್ತು.

"ಅಯ್ಯೋ, ಲಿಯೋನಾ ಆಂಟಿ, ಸೋತುಬಿಟ್ರಾ?"

"ಸೋತಿಲ್ಲ," ಎಂದಳು ಲಿಯೋನಾ, ಊರಿಗೆಲ್ಲ ಕೇಳುವ ಹಾಗೆ. "ಕೇಳಿಸಲಿಲ್ಲ. ಪ್ಲೇಟ್ ಹಿಡಿ."