ಕಲ್ಲಿನ ಮೇಲಿನ ಬಿಳಿ ಚುಕ್ಕೆಗಳು

ನಮ್ಮ ಮನೆಯಲ್ಲಿ ತೀರ್ಥದ ಬಾಟಲಿ ಇರುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ, ಕೊಬ್ಬರಿ ಎಣ್ಣೆ ಡಬ್ಬಿಯ ಪಕ್ಕದಲ್ಲಿ. ಯಾವ ಕಾಲದ್ದೋ ಶರಬತ್ತಿನ ಗಾಜಿನ ಬಾಟಲಿ. ಬಾಯಾರಿ ಬಂದವರು ಯಾರೂ ಎತ್ತಿ ಕುಡಿಯದಿರಲಿ ಎಂದು ಅಮ್ಮ ಅದರ ಮುಚ್ಚಳದ ಮೇಲೆ ನನ್ನ ಉಗುರಿನ ಬಣ್ಣದಲ್ಲಿ ಒಂದು ಶಿಲುಬೆ ಬರೆದಿದ್ದಳು. ನೀರು ಚರ್ಚಿನದು. ಚಿಂತಾಮಣಿಯ ನಮ್ಮ ಚರ್ಚಿನ ಬಾಗಿಲ ಬಳಿ ನಲ್ಲಿಯಿರುವ ಸ್ಟೀಲ್ ಡ್ರಮ್ ಒಂದಿದೆ. ಅದಕ್ಕೆ ಬೋರ್‌ವೆಲ್ ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ, ಚರ್ಚಿನ ಪಾದ್ರಿ, ನಮ್ಮ ಮಾತಿನಲ್ಲಿ ಸ್ವಾಮಿಗಳು, ಮಂತ್ರಿಸುತ್ತಾರೆ. ಅಲ್ಲಿಗೆ ನೀರು ತೀರ್ಥವಾಯಿತು.

ಅಮ್ಮನ ಪಾಲಿಗೆ ತೀರ್ಥ ಮೊಸರಿನ ಹೆಪ್ಪಿದ್ದ ಹಾಗೆ. ಬಾಟಲಿ ಪೂರ್ತಿ ಖಾಲಿಯಾಗಬಾರದು. ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ನಲ್ಲಿ ನೀರು ಸೇರಿಸಿಬಿಟ್ಟರೆ ಹಳೆಯ ತೀರ್ಥ ಹೊಸ ನೀರನ್ನೂ ತನ್ನಂತೆ ಮಾಡಿಕೊಳ್ಳುತ್ತದೆ ಎನ್ನುತ್ತಿದ್ದಳು. ಇದನ್ನು ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಆಂಧ್ರದ ಗಡಿಯಲ್ಲಿದ್ದ ಅವಳ ತವರಿನಲ್ಲಿ ಚರ್ಚು ದೂರವಿತ್ತು, ಸ್ವಾಮಿಗಳು ಬರುತ್ತಿದ್ದದ್ದು ಅಪರೂಪ. ಅಲ್ಲಿನ ಹೆಂಗಸರೇ ಕಂಡುಕೊಂಡ ಉಪಾಯ ಇರಬೇಕು.

ಬಾಟಲಿಯ ನೀರಿನಲ್ಲಿ ಹೆಚ್ಚಿನ ಪಾಲು ಅಪ್ಪನಿಗೆ ಹೋಗುತ್ತಿತ್ತು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಚಿಂತಾಮಣಿ ಬಿಟ್ಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೆ ಹೋಗಿ ಬರುವುದೇ ಅವನ ಜೀವನ. ಭಾನುವಾರದ ಪೂಜೆಗೆ ಬಂದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಜಾಸ್ತಿ. ಬಾಯಿಯಂತೂ ಬಚ್ಚಲು. ಅಡ್ಡ ಬಂದ ಲಾರಿಯವನಿಗೆ ಕನ್ನಡದಲ್ಲಿ, ಆಟೋದವನಿಗೆ ಉರ್ದುವಿನಲ್ಲಿ, ದನ ಹೊಡೆದುಕೊಂಡು ಹೋಗುವವನಿಗೆ ತೆಲುಗಿನಲ್ಲಿ, ಹೀಗೆ ಯಾರಿಗೂ ಅರ್ಥವಾಗದೆ ಉಳಿಯದಂತೆ ಬೈಯುತ್ತಿದ್ದ. ಒಂದು ದಿನ ಮಂಚೇನಹಳ್ಳಿಯ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ ನಿಂತವನು ಹಾಗೇ ಕುಸಿದು ಕುಳಿತ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೋಗಿದ್ದ. ಸಾಯುವ ಮುಂಚೆ ನಮ್ಮವರಿಗೆ ಆಗಬೇಕಾದ ಪಾಪನಿವೇದನೆ ಇಲ್ಲ, ಸ್ವಾಮಿಗಳು ಬಂದು ಹಣೆಗೆ ಎಣ್ಣೆ ಹಚ್ಚಲಿಲ್ಲ, ಬಾಯಿಗೆ ಪ್ರಸಾದ ಇಡಲಿಲ್ಲ.

ಅಮ್ಮನನ್ನು ಕಾಡಿದ್ದು ಇದು. ಸತ್ತದ್ದಕ್ಕೆ ಅತ್ತಳು, ಅಳು ನಿಂತಿತು. ಆದರೆ ಅಪ್ಪ ಶುದ್ಧೀಕರಣ ಸ್ಥಳದಲ್ಲಿ, ಸ್ವರ್ಗಕ್ಕೂ ನರಕಕ್ಕೂ ನಡುವಿನ ಆ ಬೆಂಕಿಯಲ್ಲಿ, ಬೇಯುತ್ತಾ ನಿಂತಿದ್ದಾನೆ ಎಂಬ ಚಿಂತೆ ನಿಲ್ಲಲಿಲ್ಲ. ಇಲ್ಲಿಂದ ನಾವು ಚಿಮುಕಿಸುವ ಒಂದೊಂದು ಹನಿಯೂ ಅಲ್ಲಿ ಅವನ ಮೈ ತಣಿಸುತ್ತದೆ ಎಂದು ಅವಳು ನಂಬಿದ್ದಳು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ ಕಣಮ್ಮ. ನಿಮ್ಮಪ್ಪನ ಬಾಯಿ ಸುಟ್ಟು ಶುದ್ಧ ಆಗೋಕೆ ಎಷ್ಟು ಕಾಲ ಬೇಕೋ ಏನೋ," ಎನ್ನುತ್ತಿದ್ದಳು. ನಗುವ ಮಾತಿನಂತೆ ಕೇಳಿಸಿದರೂ ಅವಳು ನಗುತ್ತಿರಲಿಲ್ಲ.

ಅವಳಿಗೆ ಒಂದು ಗುರುತೂ ಸಿಕ್ಕಿತ್ತು. ಅಪ್ಪನ ಸಮಾಧಿಗೆ ಪಾಲಿಷ್ ಮಾಡಿದ ಕಪ್ಪು ಕಲ್ಲು ಹಾಕಿಸಿದ್ದೆವು. ಪ್ರತಿ ಭಾನುವಾರ ಪೂಜೆ ಮುಗಿಸಿ ಸಮಾಧಿಗೆ ಹೋಗಿ, ಕಲ್ಲಿನ ಮೇಲೆ ತೀರ್ಥ ಚಿಮುಕಿಸಿ, ಅಗಲಿದವರ ಪ್ರಾರ್ಥನೆ ಹೇಳಿ ಬರುತ್ತಿದ್ದಳು. ಮುಂದಿನ ವಾರ ಹೋಗುವಷ್ಟರಲ್ಲಿ ಹನಿ ಬಿದ್ದಲ್ಲೆಲ್ಲ ಬಿಳಿ ಚುಕ್ಕೆ. ಅವಳ ಲೆಕ್ಕದಲ್ಲಿ ಒಂದೊಂದು ಚುಕ್ಕೆಯೂ ಅಪ್ಪನ ಒಂದೊಂದು ಬೈಗುಳ. ಒಳಗಿನ ಕೊಳೆ ಹೊರಗೆ ಬರುತ್ತಿದೆ ಎಂದು ಅರ್ಥ. ವರ್ಷಕ್ಕೊಮ್ಮೆ, ನವೆಂಬರಿನ ಸತ್ತವರ ದಿನಕ್ಕೆ ಮುಂಚೆ, ಹುಣಸೆಹಣ್ಣು ಹಚ್ಚಿ ಕಲ್ಲನ್ನು ತಿಕ್ಕಿ ತೊಳೆದು ಮತ್ತೆ ಶುರು ಮಾಡುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗಡಸು ನೀರಿನ ಪಾಠಕ್ಕೆ ನಮ್ಮ ಜಿಲ್ಲೆಯ ಬೋರ್‌ವೆಲ್‌ಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಕೆಟ್ಟಿನ ಅಂಚು, ಇಡ್ಲಿ ಪಾತ್ರೆಯ ತಳ, ಕೊಳಾಯಿಯ ಮೂತಿ, ಎಲ್ಲ ಕಡೆಯೂ ಅದೇ ಸುಣ್ಣದ ಕಲೆ. ಅದನ್ನು ಅಮ್ಮನಿಗೆ ಒಂದೆರಡು ಸಲ ಹೇಳಿಯೂ ಇದ್ದೆ. "ನಿನ್ನ ಪಾಠ ಸ್ಕೂಲಲ್ಲಿ ಇಟ್ಕೋ," ಎಂದು ಬಾಯಿ ಮುಚ್ಚಿಸಿದ್ದಳು. ನನಗೆ ಪ್ರಾರ್ಥನೆಯಲ್ಲಿ ಅಂಥ ನಂಬಿಕೆ ಇರಲಿಲ್ಲ, ಜಗಳವಾಡುವಷ್ಟು ಅಪನಂಬಿಕೆಯೂ ಇರಲಿಲ್ಲ. ಅಮ್ಮನ ಜೊತೆ ಹೋಗುತ್ತಿದ್ದೆ, ಬರುತ್ತಿದ್ದೆ.

ಆ ವರ್ಷ ಅಕ್ಟೋಬರ್ ಕೊನೆಯ ಒಂದು ಶನಿವಾರ ಕಿಟಕಿ ಒರೆಸುತ್ತಿದ್ದೆ. ತೀರ್ಥದ ಬಾಟಲಿಯ ತಳದಲ್ಲಿ ಹಸಿರು ಪಾಚಿ ಕಂಡಿತು. ಅಸಹ್ಯವಾಯಿತು. ಹಿಂದೆಮುಂದೆ ನೋಡದೆ ನೀರನ್ನು ಸಿಂಕಿಗೆ ಸುರಿದೆ. ಹಳೆಯ ತೀರ್ಥವನ್ನು ಗಿಡದ ಬುಡಕ್ಕೆ ಹಾಕಬೇಕು, ಕಾಲಿಗೆ ಸಿಗದ ಕಡೆ ಚೆಲ್ಲಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ. ಬಾಟಲಿಯನ್ನು ಬ್ರಷ್ ಹಾಕಿ ತೊಳೆದೆ. ಖಾಲಿ ಇಟ್ಟರೆ ಅಮ್ಮ ಕೂಗಾಡುತ್ತಾಳೆಂದು ಕೈಗೆ ಸಿಕ್ಕ ಕ್ಯಾನಿನಿಂದ ಕುಡಿಯುವ ಫಿಲ್ಟರ್ ನೀರು ತುಂಬಿಸಿಟ್ಟೆ. ಭಾನುವಾರ ಚರ್ಚಿನ ಡ್ರಮ್ಮಿನಿಂದ ಬದಲಾಯಿಸಿದರಾಯಿತು ಎಂದುಕೊಂಡೆ. ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಅದು ಮರೆತೇಹೋಯಿತು.

ಸತ್ತವರ ದಿನ ಬಂತು. ಅಮ್ಮ ಹಿಂದಿನ ದಿನವೇ ಕಲ್ಲು ತಿಕ್ಕಿ ತೊಳೆದಿದ್ದಳು; ಮೇಣದ ಬತ್ತಿ ಹಚ್ಚಿದಳು, ಸೇವಂತಿಗೆ ಇಟ್ಟಳು, ಬಾಟಲಿ ತೆಗೆದು ಧಾರಾಳವಾಗಿ ಚಿಮುಕಿಸಿದಳು. ಮುಂದಿನ ಭಾನುವಾರ ಹೋಗಿ ನೋಡಿದರೆ ಕಲ್ಲು ಕನ್ನಡಿಯ ಹಾಗಿತ್ತು, ಒಂದು ಚುಕ್ಕೆಯೂ ಇಲ್ಲ. ಅಮ್ಮ ಮತ್ತೆ ಚಿಮುಕಿಸಿದಳು. ಅದರ ಮುಂದಿನ ವಾರವೂ ಹಾಗೇ ಇತ್ತು. ಮೂರನೆಯ ವಾರ ಕಲ್ಲಿನ ಮೇಲೆ ಅಂಗೈಯಾಡಿಸಿ ನೋಡಿ, ಅಲ್ಲೇ ಕುಳಿತು ಅಳಲು ಶುರು ಮಾಡಿದಳು.

"ಅಯ್ಯೋ ದೇವುಡಾ! ಹೋದ್ರು ಕಣೇ. ನಿಮ್ಮಪ್ಪ ಮೇಲಕ್ಕೆ ಹೋದ್ರು."

ಬಾಟಲಿಗೆ ತುಂಬಿಸಿಟ್ಟಿದ್ದ, ಸುಣ್ಣವಿಲ್ಲದ ಆ ಫಿಲ್ಟರ್ ನೀರು ನನಗೆ ನೆನಪಾದದ್ದು ಆಗ. ಬಾಯಿ ತೆರೆದೆ. ಅಮ್ಮನ ಮುಖ ನೋಡಿದೆ. ಅಪ್ಪ ಹೋದ ಮೇಲೆ ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡೆ.

ಮನೆಗೆ ಬಂದು ಅಮ್ಮ ಕೇಸರಿಬಾತು ಮಾಡಿ ಅಕ್ಕಪಕ್ಕಕ್ಕೆಲ್ಲ ಹಂಚಿದಳು. ಬಾಟಲಿ ಅರ್ಧಕ್ಕೆ ಬಂದದ್ದನ್ನು ನೋಡಿ ನಲ್ಲಿ ನೀರು ಸೇರಿಸಹೋದಳು. ನಾನು ಕಸಿದುಕೊಂಡು, ಚೆನ್ನಾಗಿ ತೊಳೆದು, ಚರ್ಚಿನಿಂದಲೇ ಹೊಸದಾಗಿ ತುಂಬಿಸಿ ತಂದೆ. ಅದಕ್ಕೂ ಖುಷಿಪಟ್ಟಳು. ಆದರೆ ಆ ಭಾನುವಾರದಿಂದ ಅಪ್ಪನ ಕಲ್ಲಿಗೆ ತೀರ್ಥ ಹಾಕುವುದನ್ನು ನಿಲ್ಲಿಸಿಬಿಟ್ಟಳು. ಪಕ್ಕದ, ಯಾರೂ ಬಾರದ ಮಣ್ಣುಗುಡ್ಡೆಗಳಿಗೆ ಚಿಮುಕಿಸತೊಡಗಿದಳು.

"ಅಪ್ಪನಿಗೆ?" ಎಂದು ಕೇಳಿದೆ.

"ಊರು ಸೇರ್ದೋರಿಗೆ ಬಸ್ ಚಾರ್ಜ್ ಯಾಕಮ್ಮ? ಇವ್ರು ಇನ್ನೂ ದಾರೀಲವ್ರೆ, ಇವ್ರಿಗೆ ಹಾಕಣ."

ನನಗೆ ಅಂಥ ನಂಬಿಕೆ ಇಲ್ಲ ಎಂದು ಮೊದಲೇ ಹೇಳಿದೆನಲ್ಲ. ಆದರೂ ಆ ಮಾತು ಚುಚ್ಚಿತು. ಅಮ್ಮ ನಂಬಿದ್ದೇ ನಿಜವಾಗಿದ್ದರೆ ಅಪ್ಪ ಇನ್ನೂ ದಾರಿಯಲ್ಲೇ ಇದ್ದಾನೆ, ಅವನಿಗೆ ಬರುತ್ತಿದ್ದ ನೀರನ್ನು ನಾನೇ ನಿಲ್ಲಿಸಿದ್ದೇನೆ. ನಿಜವಲ್ಲದಿದ್ದರೆ ಚಿಂತೆಯಿಲ್ಲ. ಎರಡರಲ್ಲಿ ಯಾವುದೆಂದು ಖಚಿತವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಪಾಪನಿವೇದನೆಗೆ ಹೋದೆ. ಎಷ್ಟೋ ವರ್ಷಗಳಿಂದ ಹೋಗಿರಲಿಲ್ಲ. ಸಿಂಕು, ಕ್ಯಾನು, ಕೇಸರಿಬಾತು, ಎಲ್ಲವನ್ನೂ ಹೇಳಿದೆ. ಸ್ವಾಮಿಗಳು ಎರಡು ಸಲ ಕೆಮ್ಮಿದರು. ನಗು ತಡೆದುಕೊಳ್ಳುತ್ತಿದ್ದಾರೆ ಎಂದು ನನಗೆ ಅನುಮಾನ.

"ಅಮ್ಮನಿಗೆ ಸಮಾಧಾನ ಆಗಿದ್ರೆ ಅದನ್ನ ಕೆಡಿಸ್ಬೇಡಿ," ಎಂದರು. "ಅವರು ನಿಲ್ಲಿಸಿದ್ದನ್ನ ನೀವು ಮುಂದುವರ್ಸಿ. ಇದೇ ನಿಮ್ಮ ಪ್ರಾಯಶ್ಚಿತ್ತ."

"ಎಷ್ಟು ದಿನ, ಸ್ವಾಮಿ?"

ಅವರು ಆಗಲೇ ಪಾಪಕ್ಷಮೆಯ ಪ್ರಾರ್ಥನೆ ಶುರು ಮಾಡಿಬಿಟ್ಟಿದ್ದರು.

ಹಾಗಾಗಿ ಪ್ರತಿ ಮಂಗಳವಾರ ಶಾಲೆ ಮುಗಿಸಿ ಸಮಾಧಿಗೆ ಹೋಗುವುದು ಶುರುವಾಯಿತು. ಬ್ಯಾಗಿನಲ್ಲಿ ಖಾಲಿ ಕೆಮ್ಮಿನ ಔಷಧಿ ಬಾಟಲಿಯ ತುಂಬ ಚರ್ಚಿನ ತೀರ್ಥ. ಚಿಮುಕಿಸಿ, ಪ್ರಾರ್ಥನೆ ಹೇಳಿ, ಐದು ನಿಮಿಷ ಕಾದು, ಹನಿ ಒಣಗುವ ಮೊದಲೇ ಸೆರಗಿನಿಂದ ಒರೆಸಿಬಿಡುತ್ತಿದ್ದೆ. ಭಾನುವಾರ ಅಮ್ಮನ ಕಣ್ಣಿಗೆ ಒಂದು ಚುಕ್ಕೆ ಬಿದ್ದರೂ ಅಪ್ಪ ಸ್ವರ್ಗದಿಂದ ವಾಪಸ್ ಬಂದಂತೆಯೇ. ಮೊದಮೊದಲು ಶಿಕ್ಷೆ ಎಂದೇ ಮಾಡಿದೆ, ಗಡಿಯಾರ ನೋಡಿಕೊಂಡು. ಆಮೇಲೆ ಆ ಐದು ನಿಮಿಷ ಅಪ್ಪನ ಜೊತೆ ಮಾತಾಡತೊಡಗಿದೆ. ಅವನ ಕಾಲದ ರಸ್ತೆ ಈಗ ಅಗಲವಾಗಿದೆ ಎಂದೂ ಹೇಳಿದೆ.

"ಕಲ್ಲು ನೋಡಿದ್ಯಾ, ದಿನಾ ದಿನಾ ಹೊಳಪು ಜಾಸ್ತಿ ಆಗ್ತಿದೆ," ಎಂದು ಅಮ್ಮ ಬೆರಗಾಗುತ್ತಿದ್ದಳು. ಆಗದೆ ಏನು, ವಾರವಾರವೂ ಒರೆಸಿದರೆ?

ಇದು ಕೆಲವು ವರ್ಷ ನಡೆಯಿತು. ಅಮ್ಮನಿಗೆ ಕಾಯಿಲೆ ಬಂತು. ಸ್ವಾಮಿಗಳು ಮನೆಗೇ ಬಂದು ಎಣ್ಣೆ ಹಚ್ಚಿ, ಪ್ರಸಾದ ಕೊಟ್ಟು ಹೋದರು. ಅಪ್ಪನಿಗೆ ಸಿಗದೆ ಹೋದದ್ದೆಲ್ಲ ಅವಳಿಗೆ ಸಿಕ್ಕಿತು. ಮರುದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡಳು.

"ನಿಂಗೆ ನಂಬಿಕೆ ಇಲ್ಲ ಅಂತ ಗೊತ್ತು ಕಣಮ್ಮ. ಆದ್ರೂ ನಾನು ಹೋದ್ಮೇಲೆ ನನ್ನ ಸಲುವಾಗಿ ಕಲ್ಲಿಗೆ ತೀರ್ಥ ಹಾಕು. ಬಿಳಿ ಚುಕ್ಕೆ ನಿಲ್ಲೋವರ್ಗೂ ಹಾಕು. ನಿಂತ ಮೇಲೆ ಬರಬೇಡ. ಸುಮ್ನೆ ಬಿಸಿಲಲ್ಲಿ ಓಡಾಡಬೇಡ. ನಿನ್ನ ಕೆಲಸ ನೋಡ್ಕೊ."

"ಆಯ್ತಮ್ಮ," ಎಂದು ಮಾತು ಕೊಟ್ಟೆ.

ಅವಳನ್ನೂ ಅಪ್ಪನ ಜಾಗದಲ್ಲೇ ಇಟ್ಟೆವು. ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಅವಳ ಹೆಸರು ಕೆತ್ತಿಸಿದೆ. ಈಗ ಮಂಗಳವಾರವಲ್ಲ, ಭಾನುವಾರವೇ ಹೋಗುತ್ತೇನೆ, ಕದ್ದು ಹೋಗುವ ಅಗತ್ಯವಿಲ್ಲವಲ್ಲ. ಚಿಮುಕಿಸಿ ಹಾಗೇ ಬಿಟ್ಟು ಬರುತ್ತೇನೆ. ಚುಕ್ಕೆಗಳು ಇಬ್ಬರ ಹೆಸರಿನ ಮೇಲೂ ಬೀಳುತ್ತವೆ. ಜನ್ಮದಲ್ಲಿ ಒಂದೂ ಕೆಟ್ಟ ಮಾತಾಡದ ಅಮ್ಮನ ಹೆಸರಿನ ಮೇಲೆ ಅಪ್ಪನದರಷ್ಟೇ ಚುಕ್ಕೆ ಇರುವುದನ್ನು ನೋಡಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಕುಡಿಯುವ ನೀರಿನ ಕ್ಯಾನು ಅಡುಗೆಮನೆಯಲ್ಲಿ ಅದೇ ಜಾಗದಲ್ಲಿದೆ. ಅದರಿಂದ ಒಂದು ಬಾಟಲಿ ತುಂಬಿಸಿಕೊಂಡು ಹೋದರೆ ಮೂರು ವಾರದಲ್ಲಿ ಅಮ್ಮನಿಗೂ ಬಿಡುಗಡೆ, ನನಗೂ ಬಿಡುಗಡೆ. ಚುಕ್ಕೆ ನಿಂತ ಮೇಲೆ ಬರಬೇಡ ಎಂದಿದ್ದಾಳೆ, ಮಾತು ಕೊಟ್ಟಿದ್ದೇನೆ; ನಿಂತರೆ ಮತ್ತೆ ಹೋಗುವಂತಿಲ್ಲ. ಅದಕ್ಕೇ ಬಾಟಲಿ ಅರ್ಧಕ್ಕೆ ಬರುವ ಮೊದಲೇ ಚರ್ಚಿಗೆ ಹೋಗಿ, ಡ್ರಮ್ಮಿನ ನಲ್ಲಿ ತಿರುಗಿಸಿ, ಆ ಗಡಸು ನೀರನ್ನೇ ತುಂಬಿಸಿಕೊಂಡು ಬರುತ್ತೇನೆ.