ಶಾಲು ಹೊದಿಸಿದ ಮೇಲೆ

ನಮ್ಮ ಓಣಿಯ ಹಿಂದೆ ಒಂದು ಹಳೆಯ ಅರಳೆ ಗೋದಾಮಿದೆ. ಈಗ ಅದರಲ್ಲಿರುವುದು ನೀರು ಶುದ್ಧ ಮಾಡಲು ಬಳಸುವ ಕ್ಲೋರಿನ್ ಸಿಲಿಂಡರುಗಳು. ಅದು ನಮಗೆ ತಿಳಿದದ್ದೇ ಗೋಡೆಗೆ ಅಂಟಿಸಿದ ಪಾಲಿಕೆಯ ನೋಟಿಸಿನಿಂದ: ಗೋದಾಮಿನ ಭದ್ರತಾ ಯೋಜನೆಯ ಕರಡು ಸಿದ್ಧವಾಗಿದೆ, ಸಾರ್ವಜನಿಕರು ಬಂದು ಸಲಹೆ ಕೊಡಬೇಕು. ಸಭೆಗೆ ಎರಡೇ ದಿನ ಉಳಿದಿತ್ತು.

ನಾನು ರಸಾಯನಶಾಸ್ತ್ರ ಓದಿದವಳು. ಕರಡನ್ನು ತರಿಸಿಕೊಂಡು ಎರಡು ಸಲ ಓದಿದೆ. ಬೇಲಿ, ಕ್ಯಾಮೆರಾ, ಕಾವಲುಗಾರರ ಪಾಳಿ, ಒಳಗೆ ಹೋಗುವವರ ಗುರುತಿನ ಚೀಟಿ, ಇವಕ್ಕೆಲ್ಲ ಪುಟಗಟ್ಟಲೆ ಜಾಗ. ಅನಿಲ ಸೋರಿದರೆ ಜನ ಏನು ಮಾಡಬೇಕೆಂಬುದಕ್ಕೆ ಒಂದೇ ಸಾಲು: ಸೈರನ್ ಕೇಳಿದೊಡನೆ ಸಮುದಾಯ ಭವನದಲ್ಲಿ ಸೇರಬೇಕು. ಭವನವಿರುವುದು ನಾಲಾ ಪಕ್ಕದ ತಗ್ಗಿನಲ್ಲಿ. ಕ್ಲೋರಿನ್ ಗಾಳಿಗಿಂತ ಭಾರ, ಅದು ಇಳಿದುಹೋಗಿ ನಿಲ್ಲುವುದೂ ಅಲ್ಲಿಯೇ. ಇಷ್ಟನ್ನು ಒಂದು ಪುಟದಲ್ಲಿ ಬರೆದೆ. ಆದರೆ ಮೈಕಿನ ಮುಂದೆ ನಿಲ್ಲುವುದು ನನ್ನಿಂದಾಗದ ಕೆಲಸ. ಸಭೆಯಲ್ಲಿ ಓದಲು ಓಣಿಯ ನಿವೃತ್ತ ಮಾಸ್ತರರಿಗೆ ಕೊಟ್ಟೆ.

ಸಭೆ ಶುರುವಾದದ್ದು ಸನ್ಮಾನದಿಂದ. ಹಿರಿಯರೆಂದು ಮಾಸ್ತರರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಪಾಲಿಕೆಯ ಅಧಿಕಾರಿಯ ಪಕ್ಕದಲ್ಲೇ ಕೂರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನ್ನ ಪುಟ ಅವರ ಕಿಸೆಯಿಂದ ಹೊರಗೆ ಬರಲೇ ಇಲ್ಲ.

ಎದ್ದು ನಿಂತವರು ಪಕ್ಕದ ಮನೆಯ ಕಾಕೂ ಒಬ್ಬರೇ. "ಸಾಹೇಬ್ರ, ನಮ್ಮತ್ತಿ ಮುದುಕಿ, ನಡ್ಯಾಕ ಬರಂಗಿಲ್ರಿ. ನಿಮ್ಮ ಸೈರನ್ ಭೋಂಗಾ ಹೊಡದ್ರ ಆಕಿನ್ನ ಯಾರು ಎತಗೊಂಡು ಹೋಗ್ತಾರ್ರಿ?"

ಅಧಿಕಾರಿ ನಕ್ಕರು. "ಹಾಗೇನೂ ಆಗೋದಿಲ್ಲಮ್ಮ, ಹೆದರಬೇಡಿ."

"ಆಗಂಗಿಲ್ಲಂದ್ರ ಭೋಂಗಾ ಯಾಕ ಹಾಕ್ತೀರಿ? ಮದವ್ಯಾಗ ಊದಾಕೇನು?"

ಹಿಂದಿನ ಸಾಲು ಗೊಳ್ಳೆಂದಿತು. ಅಷ್ಟರಲ್ಲಿ ವಂದನಾರ್ಪಣೆ ಮುಗಿಸಿ ಚಹಾ ಹಂಚಿಬಿಟ್ಟರು.

ಹೊರಗೆ ಬಂದಾಗ ಮಾಸ್ತರರನ್ನು ಕೇಳಿದೆ. "ಸರ, ಓದಲಿಲ್ಲಲ್ರಿ?"

"ಶಾಲು ಹೊಚ್ಚಿಸ್ಕೊಂಡು, ಅವರ ಮಗ್ಗಲಕ್ಕ ಕುಂತು, ಅವರ ತಪ್ಪ ಹ್ಯಾಂಗ ಹೇಳ್ಲಿ ತಂಗಿ? ಚಂದ ಕಾಣಂಗಿಲ್ಲ."

ಅವರು ಕೆಟ್ಟವರಲ್ಲ. ನಮ್ಮ ಕಡೆ ಸನ್ಮಾನ ಮಾಡಿಸಿಕೊಂಡವರು ಮಾಡಿದವರಿಗೆ ಎದುರಾಡುವುದಿಲ್ಲ. ಅದು ಗೊತ್ತಿದ್ದವರೇ ಶಾಲು ತಂದಿದ್ದರು. ಮೂರು ವಾರದ ನಂತರ ಸಭೆಯ ನಡಾವಳಿ ಕೈಗೆ ಸಿಕ್ಕಿತು: ಹಿರಿಯರ ಸಮ್ಮುಖದಲ್ಲಿ ಯೋಜನೆಯನ್ನು ವಿವರಿಸಲಾಯಿತು, ಯಾವುದೇ ಆಕ್ಷೇಪಣೆ ಬರಲಿಲ್ಲ. ಕಾಕೂನ ಪ್ರಶ್ನೆಗೆ ಅದರಲ್ಲಿ ಅರ್ಧ ಸಾಲೂ ದಕ್ಕಿರಲಿಲ್ಲ. ನಮ್ಮನ್ನು ಕರೆದದ್ದು ಕೇಳಲಿಕ್ಕಲ್ಲ, ಕರೆದೆವೆಂದು ಬರೆಯಲಿಕ್ಕೆ. ಸಿಟ್ಟು ಬಂತು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ತಿಳಿದದ್ದನ್ನು ಬೇರೊಬ್ಬರ ಕೈಗೆ ಕೊಟ್ಟು ಸುಮ್ಮನೆ ಕೂತವಳು ನಾನೇ.

ಮುಂದಿನ ರವಿವಾರ ಮುಂಜಾನೆ ನಾವು ನಾಲ್ವರು ಹೆಂಗಸರು ಕಾಕೂನ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಭವನಕ್ಕೆ ಬೆನ್ನು ಮಾಡಿ, ಗಡಿಯಾರ ನೋಡಿಕೊಂಡು, ಏರಿನ ಮೇಲಿನ ಶಾಲೆಯತ್ತ ಹೊತ್ತುಕೊಂಡು ಹೊರಟೆವು. ಎರಡು ಕಡೆ ಇಳಿಸಿ ದಣಿವಾರಿಸಿಕೊಳ್ಳಬೇಕಾಯಿತು.

"ನನ್ನ ಲಗ್ನದಾಗೂ ಹಿಂಗ ಮೆರಸಿರಲಿಲ್ಲ," ಎಂದು ಮುದುಕಿ ಅತ್ತಿತ್ತ ನೋಡಿದಳು. "ಲಗೂ ನಡೀರೆ, ಮೈಯಾಗ ಕಸುವಿಲ್ಲೇನು?"

ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು.

ಮರುದಿನ ಆ ಪುಟವನ್ನು ಮತ್ತೆ ಬರೆದುಕೊಂಡು ಪಾಲಿಕೆ ಕಚೇರಿಗೆ ನಾನೊಬ್ಬಳೇ ಹೋದೆ. "ಸಭಾ ಮುಗದು ಹೋತಲ್ರಿ. ಕಾಗದ ಇಟ್ಟು ಹೋಗ್ರಿ," ಎಂದ ಗುಮಾಸ್ತ.

"ಇಡಂಗಿಲ್ರಿ. ಓದ್ತೇನಿ."

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಓದಿದೆ. ತಗ್ಗು, ಏರು, ಇಪ್ಪತ್ತು ನಿಮಿಷ. ದನಿ ಎರಡು ಕಡೆ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಮುದುಕಿಯನ್ನು ಎತ್ತುವವರು ಎಂದು ನಮ್ಮ ನಾಲ್ವರ ಹೆಸರನ್ನೂ ಕೊನೆಗೆ ಓದಿದೆ. ಗುಮಾಸ್ತ ಕರಡಿನ ಹಾಳೆ ತಿರುವಿ ತಿರುವಿ ನೋಡಿದ. ಆ ಹೆಸರುಗಳನ್ನು ಬರೆಯಲು ಅದರಲ್ಲಿ ಎಲ್ಲಿಯೂ ಜಾಗವಿರಲಿಲ್ಲ.