ಉಪ್ಪು ನೋಡುವವರಿಲ್ಲದ ಅಡುಗೆ

ದೇವರಿಲ್ಲ ಎಂದು ನಾನು ಸಾಬೀತು ಮಾಡುವುದು ಸಾಮಾನ್ಯವಾಗಿ ಭಾನುವಾರಗಳಂದು, ಆಂಟಿಯ ಅಡುಗೆಮನೆಯಲ್ಲಿ. ಅವರು ಚರ್ಚಿನಿಂದ ಬಂದು, ಕೋಟು ಬಿಚ್ಚಿ, ಚಹಾಕ್ಕೆ ನೀರಿಡುವಷ್ಟರಲ್ಲಿ ನಾನು ಪೀಠಿಕೆ ಮುಗಿಸಿರುತ್ತೇನೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಿಗೆ ಹೋಗಿ ಪರ್ಯಾಯ ಫಲಕಗಳನ್ನು ಹೊತ್ತು ತಂದವಳು ನಾನು. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಮೂರನೇ ಅಂಶ ಯಾವುದೆಂದು ಊಹಿಸಬಲ್ಲೆ. ಆಂಟಿ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, ಕೊನೆಗೆ, "ಆಯ್ತು ಮಾರಾಯ್ತಿ, ನಿನ್ನ ದೇವರಿಲ್ಲದ ಚಹಾಕ್ಕೆ ಸಕ್ಕರೆ ಎಷ್ಟು?" ಎನ್ನುತ್ತಾರೆ. ಇದಕ್ಕೆ ಪ್ರತಿವಾದ ಏನೆಂದು ನನಗೆ ಯಾವ ಗುರುಗಳೂ ಹೇಳಿಕೊಟ್ಟಿಲ್ಲ.

ಆಂಟಿ ನನ್ನ ಸಂಬಂಧಿಕರಲ್ಲ. ಐರ್ಲೆಂಡಿನ ಆಡಮ್ಸ್‌ಟೌನಿನ ಅವರ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರು ಮಂಗಳೂರು ಕಡೆಯ ಕೆಥೋಲಿಕರು, ನಾನು ಮೈಸೂರಿನ ಸಸ್ಯಾಹಾರಿ ಮನೆಯವಳು. ಆಫೀಸಿನ ಕೆಲಸವನ್ನು ನಾನು ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ. ಆಂಟಿಯ ಕೆಲಸ ವೃದ್ಧಾಶ್ರಮದಲ್ಲಿ, ರಾತ್ರಿ ಪಾಳಿ. ಇಲ್ಲಿಗೆ ಬಂದಾಗಿನಿಂದ ಅವರದು ಹಗಲು ದಪ್ಪ ಪರದೆ ಎಳೆದು ಮಲಗುವ ಬದುಕು. ಅಂಕಲ್ ಬೆಳಿಗ್ಗೆ ಟಾಲಾಕ್ಕೆ ಡ್ಯೂಟಿಗೆ ಹೊರಡುವಾಗ ಆಂಟಿ ಒಳಬರುತ್ತಾರೆ. ಇಬ್ಬರೂ ಬಾಗಿಲಲ್ಲಿ ಕಾರಿನ ಕೀಲಿ ಬದಲಾಯಿಸಿಕೊಳ್ಳುತ್ತಾರೆ. "ನಮ್ಮದು ಸಂಸಾರ ಅಲ್ಲ, ರಿಲೇ ಓಟ" ಎಂದು ಆಂಟಿ ನಗುತ್ತಾರೆ. ನಗುವಾಗ ಕಣ್ಣಿನ ಕೆಳಗಿನ ಕಪ್ಪು ಮಾತ್ರ ನಗುವುದಿಲ್ಲ.

ಹೀಗಿರುವಾಗ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಅಡುಗೆಯವರ ಜಾಗ ಖಾಲಿಯಾಯಿತು. ವಾರದ ದಿನಗಳಲ್ಲಿ ವಯಸ್ಸಾದವರಿಗೆ ಮಧ್ಯಾಹ್ನದ ಊಟ, ಸಂಜೆಯೊಳಗೆ ಮನೆ. ಆಂಟಿ ಅರ್ಜಿ ಹಾಕಿದರು. ಭವನದ ಸಮಿತಿಯವರು ಬಹಳ ನಯವಾಗಿ, ಶುಕ್ರವಾರ ಸಂಜೆ ನೆರೆಹೊರೆಯವರ ಊಟವಿದೆ, ಅದನ್ನು ನೀವು ಮಾಡಿ, ಆಮೇಲೆ ನೋಡೋಣ ಎಂದರು. ಆಂಟಿಗೆ ಅದು ಊಟವಾಗಿರಲಿಲ್ಲ, ಪರೀಕ್ಷೆ. ಪಾಸಾದರೆ ರಾತ್ರಿ ನಿದ್ದೆ.

ಆಂಟಿ ಚಿಕನ್ ಸುಕ್ಕ ಮಾಡುತ್ತೇನೆ ಎಂದರು. ಸಮಿತಿಯ ಅಧ್ಯಕ್ಷೆ ಅದೇ ತಾನೇ ಟೆಕ್ಸಸ್‌ನಲ್ಲಿ ಯಾರದೋ ಮದುವೆಗೆ ಹೋಗಿಬಂದಿದ್ದರು. ಅವರು "ಸುಕ್ಕ ಇನ್ನೊಮ್ಮೆ ಖಂಡಿತಾ" ಎಂದು ಹೇಳಿ, ಈ ಸಲಕ್ಕೆ ಟೆಕ್ಸ್-ಮೆಕ್ಸ್ ಬೀಫ್ ಕ್ಯಾಸರೋಲ್ ಎಂದು ತೀರ್ಮಾನಿಸಿದರು: ಕೆಳಗೆ ಮಸಾಲೆಯಲ್ಲಿ ಬೆಂದ ದನದ ಮಾಂಸದ ಕೈಮಾ ಮತ್ತು ರಾಜ್ಮಾ, ಮೇಲೆ ಮೆಕ್ಕೆಜೋಳದ ಬ್ರೆಡ್ಡಿನ ಹೊದಿಕೆ, ಒಟ್ಟಿಗೇ ಅವನ್‌ನಲ್ಲಿ ಬೇಯಿಸುವುದು.

"ಐರ್ಲೆಂಡಿನಲ್ಲಿ, ಅಮೆರಿಕದವರ ಮೆಕ್ಸಿಕೋ ಅಡುಗೆಯನ್ನ ಮಂಗಳೂರಿನವರು ಮಾಡೋದು ಯಾವ ನ್ಯಾಯ ಆಂಟಿ?" ಎಂದೆ.

"ಅದನ್ನ ಮೈಸೂರಿನವಳು ಕೂತು ವಿಮರ್ಶೆ ಮಾಡುವ ನ್ಯಾಯವೇ. ಏಳು, ಈರುಳ್ಳಿ ಹೆಚ್ಚು."

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾನು ಸಹಾಯಕ್ಕೆ ನಿಂತೆ. ಕಟ್ಟೆಯ ಈ ತುದಿ ನನ್ನದು: ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿ. ಆ ತುದಿ ಆಂಟಿಯದು: ಬಾಂಡ್ಲಿಯಲ್ಲಿ ಕಂತು ಕಂತಾಗಿ ಹುರಿಯುತ್ತಿದ್ದ ಕೈಮಾ. ಒಮ್ಮೆಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ, ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ ಎಂದು ಅವರು ಅಂದರು. ನಾನು ಬೆಂಡೆಕಾಯಿಯೂ ಹಾಗೆಯೇ ಎಂದೆ. ಬಂದ ವಾಸನೆಗೆ ನಾನು ಕಿಟಕಿ ತೆರೆದೆ. ಆಮೇಲೆ ಜೀರಿಗೆ ಪುಡಿ ಬಿತ್ತು, ನಾನು ಕಿಟಕಿ ಮುಚ್ಚಿದೆ. ಹುರಿದ ಜೀರಿಗೆ ಎಲ್ಲಿ ಬಿದ್ದರೂ ನಮ್ಮ ಮನೆಯ ಗುರುವಾರದ ಸಾರಿನ ವಾಸನೆಯೇ ಬರುತ್ತದೆ. ಡಬ್ಬಿಯ ಟೊಮೆಟೊ, ರಾಜ್ಮಾ, ಜೋಳದ ಕಾಳು ಸೇರಿ, ಊರಿನಿಂದ ತಂದಿದ್ದ ಎರಡು ದೊಡ್ಡ ಪಾತ್ರೆಗಳಲ್ಲಿ ಅದು ಕೆಂಪಗೆ ಕುದಿಯತೊಡಗಿತು. ನಾನು ಬೇಸಿನ್ನಿನಲ್ಲಿ ಮೆಕ್ಕೆಜೋಳದ ರವೆ, ಮೈದಾ, ಮಜ್ಜಿಗೆ, ಮೊಟ್ಟೆ, ಚೂರು ಸಕ್ಕರೆ ಸೇರಿಸಿ ಹಿಟ್ಟು ಕಲಸುತ್ತಿದ್ದೆ.

"ಉಪ್ಪು ನೋಡು" ಎಂದು ಆಂಟಿ ಸೌಟನ್ನು ನನ್ನ ಕಡೆ ಚಾಚಿದರು. ಆಮೇಲೆ ಯಾರ ಕಡೆ ಚಾಚಿದ್ದೇನೆಂದು ನೆನಪಾಗಿ, ಸೌಟನ್ನು ತಮ್ಮ ಬಾಯಿಯ ಹತ್ತಿರ ಒಯ್ದರು. ಅಲ್ಲಿಯೂ ಅದು ನಿಂತಿತು.

"ಅಯ್ಯೋ ದೇವರೇ. ಇವತ್ತು ಶುಕ್ರವಾರ."

ಅದು ಬರೀ ಶುಕ್ರವಾರವಲ್ಲ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ. ಆ ದಿನಗಳಲ್ಲಿ ಆಂಟಿ ಮಾಂಸ ಮುಟ್ಟುವುದಿಲ್ಲ. ಬಡಾವಣೆಯ ಉಳಿದ ಕೆಥೋಲಿಕರಿಗೆ ಆ ನೆನಪೇ ಇರಲಿಲ್ಲ. ಇಲ್ಲದಿದ್ದರೆ ಅಧ್ಯಕ್ಷೆ ಬೀಫ್ ಎನ್ನುತ್ತಿದ್ದರೇ? ಮಾಂಸ ಬೀಳುವ ಮೊದಲು ಮಸಾಲೆಯನ್ನಷ್ಟೇ ನೋಡಬಹುದಿತ್ತು ಎಂಬ ಸರಳ ಅಂಶ ನನಗೆ ಹೊಳೆದದ್ದು ಆಮೇಲೆ. ಮೊದಲೇ ಹೊಳೆದಿದ್ದರೂ ಉಪಯೋಗವಿರಲಿಲ್ಲ, ಈ ಅಡುಗೆಯಲ್ಲಿ ಮೊದಲು ಬೀಳುವುದೇ ಮಾಂಸ.

ಅಷ್ಟರಲ್ಲಿ ಆಂಟಿಯ ಮಗಳು ಶಾಲೆಯಿಂದ ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆಂಟಿ ಆಸೆಯಿಂದ ಸೌಟು ಎತ್ತಿದರು.

"ಮಾಮ್, ನೋ! ಐಯಾಮ್ ವೀಗನ್, ಲೈಕ್."

"ನಿನ್ನೆ ಐಸ್‌ಕ್ರೀಮ್ ತಿಂದದ್ದು ಯಾರು? ಅದರಲ್ಲಿ ಹಾಲಿಲ್ವಾ?"

"ದ್ಯಾಟ್ ವಾಸ್ ಯೆಸ್ಟರ್ಡೇ" ಎಂದು ಅವಳು ಮೆಟ್ಟಿಲು ಹತ್ತಿಹೋದಳು.

ನಾನು ಕೈ ಒರೆಸಿಕೊಂಡು ನೆಟ್ಟಗೆ ನಿಂತೆ. ಇಂಥ ಸಂದರ್ಭಕ್ಕಾಗಿಯೇ ನನ್ನನ್ನು ತಯಾರು ಮಾಡಿದ್ದು. "ಆಂಟಿ, ರುಚಿ ನೋಡೋದು ಬೇರೆ, ತಿನ್ನೋದು ಬೇರೆ. ನಾಲಿಗೆ ಮೇಲೆ ಇಟ್ಟು ಉಗುಳಿಬಿಡಿ. ಹೊಟ್ಟೆಗೆ ಹೋಗದಿದ್ದರೆ ವ್ರತ ಹೆಂಗೆ ಮುರಿಯುತ್ತೆ?"

"ಉಗುಳುವ ಬಾಯಿಯಿಂದ ಪ್ರಾರ್ಥನೆ ಮಾಡ್ಲಿಕ್ಕಾಗ್ತದಾ?"

"ಸರಿ, ಇನ್ನೊಂದು ಅಂಶ. ನೀವು ಮಾಡ್ತಿರೋದು ಹೊಟ್ಟೆಬಾಕತನಕ್ಕಲ್ಲ, ಕೆಲಸಕ್ಕೆ. ಉದ್ದೇಶ ಮುಖ್ಯ ಅಂತ ನಿಮ್ಮ ಫಾದರೇ ಹೇಳ್ತಾರಲ್ವಾ?"

ಆಂಟಿ ಸೌಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ನನ್ನದು ಬಿಡು. ನಿನಗೆ ದೇವರು ಇಲ್ಲ ಅಲ್ವಾ? ಪಾಪ ಇಲ್ಲ, ಪುಣ್ಯ ಇಲ್ಲ, ನರಕವೂ ಇಲ್ಲ. ಪ್ರತಿ ಭಾನುವಾರ ನನ್ನ ಚಹಾ ಕುಡಿದು ನೀನೇ ಹೇಳುದು. ಹಾಗಾದ್ರೆ ಬಾಯಿ ತೆರೆ."

ಚರ್ಚಾಸ್ಪರ್ಧೆಯ ಹಾಗೆ ಸಮಯ ಮುಗಿಯಿತೆಂದು ಗಂಟೆ ಬಾರಿಸುವವರು ಯಾರಾದರೂ ಇದ್ದಿದ್ದರೆ ಆಗಲೇ ಬಾರಿಸಿಬಿಡುತ್ತಿದ್ದರು.

"ಅದು... ನಾನು ಸಸ್ಯಾಹಾರಿ."

"ಮೊಟ್ಟೆ ಯಾವ ಗಿಡದಲ್ಲಿ ಬಿಡ್ತದೆ?"

"ಮೊಟ್ಟೆ ವಿಷಯ ಬೇರೆ ಆಂಟಿ. ಇದು ಒಂದು ಅಭ್ಯಾಸ ಅಷ್ಟೇ. ನಂಬಿಕೆ ಅಲ್ಲ."

"ನಂದೂ ಅಭ್ಯಾಸವೇ. ನಾನು ಅದಕ್ಕೆ ದೇವರ ಹೆಸರು ಇಟ್ಟಿದ್ದೇನೆ, ನೀನು ಎಂತದ್ದೂ ಇಟ್ಟಿಲ್ಲ. ಅಷ್ಟೇ ವ್ಯತ್ಯಾಸ."

ನಾನು ಸೌಟು ತೆಗೆದುಕೊಂಡೆ. ಊದಿದೆ. ಮೂಗಿನವರೆಗೆ ತಂದೆ. ನಮ್ಮಜ್ಜಿ ನೈವೇದ್ಯಕ್ಕೆ ಮುಂಚೆ ಯಾವ ಅಡುಗೆಯ ರುಚಿಯನ್ನೂ ನೋಡುತ್ತಿರಲಿಲ್ಲ, ಆದರೂ ಉಪ್ಪು ತಪ್ಪುತ್ತಿರಲಿಲ್ಲ ಎಂಬ ಅಪ್ರಸ್ತುತ ವಿಷಯವೊಂದನ್ನು ಮಂಡಿಸಿದೆ. ಸೌಟು ಹಾಗೆಯೇ ಪಾತ್ರೆಗೆ ಮರಳಿತು. ಆಂಟಿ ನಗಲಿಲ್ಲ, ಅದೇ ಆಶ್ಚರ್ಯ. ಅವರು ಗೋಡೆಯ ಗಡಿಯಾರ ನೋಡಿದರು, ಪಾತ್ರೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಒಂದು ಸಲಕ್ಕೆ ಎಂತ ಆಗ್ತದೆ? ಸಪ್ಪೆ ಅಡುಗೆ ಬಡಿಸಿದ್ರೆ ಆ ಕೆಲಸ ಹೋಯ್ತು" ಎನ್ನುತ್ತಾ ಸೌಟು ಎತ್ತಿಕೊಂಡರು.

"ಬೇಡ ಆಂಟಿ" ಎಂದೆ.

"ಯಾಕೆ? ಈಗ ತಾನೆ ಉಗುಳು ಅಂದದ್ದು ನೀನೇ ಅಲ್ವಾ?"

"ಅದು ವಾದಕ್ಕೆ ಹೇಳಿದ್ದು."

ಆಂಟಿ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಚರ್ಚೆಯಲ್ಲಿ ಎದುರು ಪಕ್ಷದವರು ಅಪ್ಪಿತಪ್ಪಿ ನಮ್ಮ ಪರವಾಗಿ ಮಾತಾಡಿಬಿಟ್ಟಾಗ ನಾವು ಅವರನ್ನು ಹಾಗೆ ನೋಡುತ್ತಿದ್ದೆವು.

ಕಿಟಕಿಯಾಚೆ ಪಕ್ಕದ ಮನೆಯ ತಾತ ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಿದ್ದರು. ಐರಿಶ್ ಮನುಷ್ಯ, ನಿವೃತ್ತರು, ನಾವು ಒಗ್ಗರಣೆ ಹಾಕಿದಾಗೆಲ್ಲ ಬೇಲಿಯ ಬಳಿ ಏನಾದರೊಂದು ಕೆಲಸ ಹುಡುಕಿಕೊಳ್ಳುವವರು. ನಾವಿಬ್ಬರೂ ಒಟ್ಟಿಗೇ ಅವರನ್ನು ನೋಡಿದೆವು. ಒಂದು ಬಟ್ಟಲು ತುಂಬಿಸಿಕೊಂಡು ನಾನು ಹಿಂಬಾಗಿಲಿಗೆ ಓಡಿದೆ.

ತಾತ ಒಂದು ಚಮಚ ತಿಂದರು. "ಗ್ರ್ಯಾಂಡ್" ಎಂದರು.

"ಗ್ರ್ಯಾಂಡ್ ಅಂದ್ರೆ ಎಂತ ಕೇಳು" ಎಂದು ಆಂಟಿ ಬೆನ್ನ ಹಿಂದಿನಿಂದ ಕನ್ನಡದಲ್ಲಿ ತಿವಿದರು. "ಇವರು ಕಾಲು ಮುರಿದ್ರೂ ಗ್ರ್ಯಾಂಡ್ ಅಂತಾರೆ."

ನಾನು ಪಾಟೀಸವಾಲಿಗೆ ಇಳಿದೆ. ಉಪ್ಪು ಸಾಕೋ, ಬೇಕೋ? ತಾತ, ತುಂಬಾ ರುಚಿಯಾಗಿದೆ ಎಂದರು. ಅದಲ್ಲ, ಉಪ್ಪು ಕಡಿಮೆಯೇ? ಯಾರಿಗಾದರೂ ಹಾಗನಿಸಿದರೆ ಅನಿಸಬಹುದು ಎಂದರು. ನಿಮಗೆ ಏನನಿಸುತ್ತದೆ? ಅಡುಗೆ ಮಾಡಿದವರಿಗೆ ಏನನಿಸುತ್ತದೋ ಅದೇ ಸರಿ ಎಂದರು. ಹೌದು ಅಥವಾ ಇಲ್ಲ, ಒಂದೇ ಪದದಲ್ಲಿ ಹೇಳಿ ಎಂದೆ. ತಾತ ಆಕಾಶ ನೋಡಿ, ಮಳೆ ಬರುವ ಹಾಗಿದೆಯಲ್ಲವೇ ಎಂದರು. ನನ್ನ ಜೀವಮಾನದಲ್ಲಿ ಇಷ್ಟು ಸೌಜನ್ಯದಿಂದ ಯಾರೂ ನನ್ನನ್ನು ಸೋಲಿಸಿಲ್ಲ.

ಮಾತನ್ನು ನಂಬಬೇಡ, ನಡತೆಯನ್ನು ನೋಡು ಎಂದು ನನಗೆ ಆಗ ಹೊಳೆಯಿತು. ಬೇಲಿಯ ಪಕ್ಕದ ಪುಟ್ಟ ಮೇಜಿನ ಮೇಲೆ ಬಟ್ಟಲಿನ ಹತ್ತಿರ ಉಪ್ಪಿನ ಡಬ್ಬಿ ಇಟ್ಟು, ನಿಧಾನವಾಗಿ ತಿನ್ನಿ ಎಂದು ಹೇಳಿ, ಒಳಗೆ ಬಂದು ಪರದೆಯ ಸಂದಿಯಿಂದ ನೋಡಿದೆ. ತಾತ ಡಬ್ಬಿ ಎತ್ತಿದರು. ಧಾರಾಳವಾಗಿ ಉದುರಿಸಿಕೊಂಡರು. ಬಟ್ಟಲು ಖಾಲಿ ಮಾಡಿದರು.

"ನೋಡಿದ್ರಾ? ಇದು ಪುರಾವೆ!"

ಆಂಟಿ ಎರಡೂ ಪಾತ್ರೆಗಳಿಗೆ ಒಂದೊಂದು ಹಿಡಿ ಉಪ್ಪು ಹಾಕಿದರು. "ನೀನು ಹೇಳಿದ್ದಕ್ಕೆ" ಎಂದು ಸೇರಿಸಲು ಮರೆಯಲಿಲ್ಲ.

ಭವನದ ಅವನ್‌ನಲ್ಲಿ ಟ್ರೇಗಳು ಬೆಂದವು. ಜೋಳದ ಹೊದಿಕೆ ಹೊಂಬಣ್ಣಕ್ಕೆ ತಿರುಗಿ, ಅಂಚುಗಳಲ್ಲಿ ಕೆಂಪು ರಸ ಉಕ್ಕಿ, ಮೇಲೆ ಚೀಸ್ ಗುಳ್ಳೆಗಟ್ಟಿತ್ತು. ಸಭಾಂಗಣ ಭರ್ತಿ. ಆಂಟಿ ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡು, ಟ್ರೇ ಕತ್ತರಿಸುವಾಗಲೆಲ್ಲ ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯೋ ಬೈಗುಳವೋ ಕೇಳಲಿಲ್ಲ. ನಾನು ತಟ್ಟೆಗಳನ್ನು ಒಯ್ಯುತ್ತಿದ್ದೆ. ಮುಂದಿನ ಮೇಜಿನಲ್ಲಿ ನಮ್ಮ ತಾತ ಕೂತಿದ್ದರು. ಅವರ ಮುಂದೆ ತಟ್ಟೆ ಇಟ್ಟೆ. ಫೋರ್ಕ್ ಮುಟ್ಟುವ ಮೊದಲೇ ಅವರು ಉಪ್ಪಿನ ಡಬ್ಬಿ ಎತ್ತಿ ತಟ್ಟೆಯ ತುಂಬಾ ಉದುರಿಸಿದರು. ಕ್ಯಾಸರೋಲಿಗೆ, ಸೊಪ್ಪಿನ ಸಲಾಡಿಗೆ, ಪಕ್ಕದಲ್ಲಿದ್ದ ಬೆಣ್ಣೆಗೂ.

"ಹಿ ಡಸ್ ದ್ಯಾಟ್ ವಿತ್ ಎವ್ರಿಥಿಂಗ್" ಎಂದಳು, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗಳು. "ಈವನ್ ವಾಟರ್‌ಮೆಲನ್."

ನನ್ನ ಸಾಕ್ಷಿದಾರರದೂ ಅಭ್ಯಾಸ! ಇಡೀ ದಿನ ಆ ಪದ ನನ್ನ ಹಿಂದೆಯೇ ಬಿದ್ದಿತ್ತು. ಅಡುಗೆಮನೆಗೆ ಓಡಿ, ಸಿಕ್ಕ ಜಗ್ಗುಗಳಿಗೆಲ್ಲ ನೀರು ತುಂಬಿಸಿ ಪ್ರತಿ ಮೇಜಿಗೂ ಇಡತೊಡಗಿದೆ. ಹುಳಿ ಕ್ರೀಮಿನ ಬಟ್ಟಲುಗಳನ್ನು ಮಗಳ ಕೈಯಲ್ಲಿ ಹಂಚಿಸಿದೆ.

"ಎಂತ ಇಷ್ಟು ನೀರು?" ಎಂದರು ಆಂಟಿ.

"ಖಾರ ಇದೆಯಲ್ಲ ಆಂಟಿ, ಪಾಪ ಇವರು..."

ಊಟ ಮುಗಿದಾಗ ಎಲ್ಲರೂ ಗ್ರ್ಯಾಂಡ್ ಎಂದರು, ಲವ್ಲೀ ಎಂದರು. ಆಂಟಿ ಒಬ್ಬರನ್ನೂ ನಂಬಲಿಲ್ಲ. ಖಾಲಿ ಟ್ರೇಗಳು ಹಿಂದಕ್ಕೆ ಬಂದಾಗ ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿದರು. ಮೂಲೆಗಳಲ್ಲಿ ಅಂಟಿದ್ದ ಚೀಸನ್ನೂ ಯಾರೋ ಚಾಕುವಿನಿಂದ ಎಬ್ಬಿಸಿ ತಿಂದಿದ್ದರು. "ಹಾಂ, ಇದು ಮಾತು" ಎಂದು ಮೊದಲ ಸಲ ಕುರ್ಚಿಯ ಮೇಲೆ ಕೂತರು. ಅಧ್ಯಕ್ಷೆ ಬಂದು ಭವನದ ಅಡುಗೆಮನೆಯ ಕೀಲಿಯನ್ನು ಅವರ ಕೈಗೆ ಕೊಟ್ಟು, ವೃದ್ಧಾಶ್ರಮಕ್ಕೆ ನೋಟಿಸ್ ಕೊಟ್ಟು ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು. ಪ್ರತಿ ಮೇಜಿಗೂ ಕೇಳದೆಯೇ ನೀರು ಬಂದದ್ದನ್ನು ಅವರು ವಿಶೇಷವಾಗಿ ಮೆಚ್ಚಿಕೊಂಡರು. ಅಂಥ ಸೂಕ್ಷ್ಮಗಳು ಎಲ್ಲರಿಗೂ ಹೊಳೆಯುವುದಿಲ್ಲವಂತೆ.

ಶನಿವಾರ ಬೆಳಿಗ್ಗೆ ನಾನು ಕೆಳಗಿಳಿದಾಗ ಆಂಟಿ ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ಒಂದು ತುಂಡನ್ನು ಬಿಸಿ ಮಾಡುತ್ತಿದ್ದರು. ಈಗ ತಿನ್ನಬಹುದಿತ್ತು. ಒಂದು ಚಮಚ ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ನಾನು ಲೋಟದಲ್ಲಿ ನೀರು ಕೊಟ್ಟೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು.

"ಓಹೋ. ಅದಕ್ಕಾ ಅಷ್ಟು ಜಗ್ಗು?"

ನಾನು ವಾದ ಹೂಡದೆ ತಪ್ಪೊಪ್ಪಿಕೊಂಡು ತಲೆಯಾಡಿಸಿದೆ. ಬಹುಶಃ ಆ ಮನೆಯಲ್ಲಿ ಅದು ಮೊದಲ ಸಲ.

ಆಂಟಿ ನಗತೊಡಗಿದರು, ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುವಷ್ಟು. ಕೀಲಿ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇತ್ತು. ನಗುವಿನ ನಡುವೆ ಒಮ್ಮೆ ಅದನ್ನು ಮುಟ್ಟಿ ನೋಡಿಕೊಂಡರು. ಮಾಂಸವಿಲ್ಲದೆ ನನಗಾಗಿ ಬೇರೆ ಬೇಯಿಸಿದ್ದ ಬರೀ ಜೋಳದ ಬ್ರೆಡ್ಡಿನ ಸಣ್ಣ ಟ್ರೇಯನ್ನು ಆಮೇಲೆ ಮುಂದೆ ತಳ್ಳಿದರು.

"ತಿನ್ನು. ಇದರಲ್ಲಾದ್ರೂ ಉಪ್ಪು ಹೇಗುಂಟು ಹೇಳು."

ನಾನು ಒಂದು ತುಂಡು ಮುರಿದು ತಿಂದೆ. ಸತ್ಯವನ್ನೇ ಹೇಳಬೇಕೆಂದು ನಿಶ್ಚಯಿಸಿದೆ.

"ಸ್ವಲ್ಪ ಕಮ್ಮಿ ಇದೆ ಆಂಟಿ."

ಆಂಟಿ ಎದ್ದರು. ಉಪ್ಪಿನ ಡಬ್ಬಿಯನ್ನು ತೆಗೆದು, ನನ್ನ ಕೈಗೆ ಎಟುಕದ ಮೇಲಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಆಮೇಲೆ ಚಹಾಕ್ಕೆ ನೀರಿಟ್ಟು, ಸಕ್ಕರೆ ಎಷ್ಟು ಎಂದು ಕೇಳಿದರು.